ಕೋಟೆ ಸೂರೆ ಹೋದ ಮೇಲೂ ದಿಡ್ಡಿ ಬಾಗಿಲು ಹಾಕಬೇಕು

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಕೆಲಸ ಕೆಟ್ಟ ಮೇಲೆ ಎಚ್ಚೆತ್ತುಕೊಳ್ಳುವವರನ್ನು ಕುರಿತು ಹಿರಿಯರು ಆಡಿದ ಮಾತು ಅದು. ಬದುಕಿನ ಬಹುಪಾಲು ಸಂದರ್ಭಗಳಿಗೆ ಈ ಗಾದೆ ಒಪ್ಪುತ್ತದೆ. ಆದರೆ ನಾವು ವಾಸವಾಗಿರುವ ಬೀದಿಯ ಕಳವಿನ ಮಟ್ಟಿಗೆ ಅದನ್ನು ನಂಬಿ ಕುಳಿತರೆ ಕೆಡುತ್ತೇವೆ. ಕಳ್ಳ ಬಂದುಹೋದ ಮನೆಗೆ ಅವನು ಮತ್ತೇಕೆ ಬರುತ್ತಾನೆ, ಅಲ್ಲಿ ಕದಿಯಲು ಇನ್ನೇನು ಉಳಿದಿದೆ ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ವಾಸ್ತವದಲ್ಲಿ, ಒಮ್ಮೆ ಕಳವಾದ ಮನೆಗೆ ಮತ್ತೊಮ್ಮೆ ಕನ್ನ ಬೀಳುವ ಸಂಭವ ಎಂದೂ ಕಳವಾಗದ ಮನೆಗಿಂತ ಹೆಚ್ಚು, ಅದರಲ್ಲೂ ಮೊದಲ ಕೆಲವು ವಾರಗಳಲ್ಲಿ ಬಹಳ ಹೆಚ್ಚು. ಬೀಗ ಯಾವುದು, ಹಿತ್ತಲ ಬಾಗಿಲು ಎತ್ತ ತೆರೆಯುತ್ತದೆ, ಮನೆಯವರು ಯಾವ ಹೊತ್ತಿನಲ್ಲಿ ಹೊರಗಿರುತ್ತಾರೆ ಎಂಬುದೆಲ್ಲ ಅವನಿಗೆ ಈಗ ಗೊತ್ತು. ಹೋದ ವಸ್ತುವಿನ ಜಾಗಕ್ಕೆ ಹೊಸ ವಸ್ತು ಬರುತ್ತದೆ ಎಂಬುದೂ ಅವನಿಗೆ ಗೊತ್ತು. ಆದ್ದರಿಂದ ಕೋಟೆ ಸೂರೆ ಹೋದ ಮರುದಿನವೇ, ತಡಮಾಡದೆ, ದಿಡ್ಡಿ ಬಾಗಿಲು ಹಾಕಬೇಕು. ನೆರೆಹೊರೆಯವರು ಸೇರಿ ಅಪರಾಧವನ್ನು ತಡೆಯುವ ಪ್ರಯತ್ನ ಎಲ್ಲಿಂದ ಆರಂಭವಾಗಬೇಕು ಎಂದು ಯಾರಾದರೂ ಕೇಳಿದರೆ, ಈಗಾಗಲೇ ನೊಂದಿರುವ ಮನೆಯಿಂದ ಎಂಬುದೇ ನನ್ನ ಉತ್ತರ.

ಇದನ್ನು ಮಾಡಿ ತೋರಿಸಿದ ಒಂದು ಸ್ಥಳದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಸಮೀಪ ರಾಚ್‌ಡೇಲ್ ಎಂಬ ಪಟ್ಟಣವಿದೆ. ಅಲ್ಲಿ ಕರ್ಕ್‌ಹೋಲ್ಟ್ ಎಂಬ ಬಡಾವಣೆ. ಸ್ಥಳೀಯ ಆಡಳಿತವೇ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ ಎರಡು ಸಾವಿರಕ್ಕೂ ಹೆಚ್ಚು ಮನೆಗಳಿದ್ದವು. 1985ರಲ್ಲಿ ಅಲ್ಲಿನ ಕಳವಿನ ಪ್ರಮಾಣ ಸರಿಸುಮಾರು ನಾಲ್ಕು ಮನೆಗೆ ಒಂದರಂತೆ ಇತ್ತು. ಅಪರಾಧಶಾಸ್ತ್ರಜ್ಞ ಕೆನ್ ಪೀಸ್ ಮತ್ತು ಅವರ ಸಹೋದ್ಯೋಗಿಗಳು ಪೊಲೀಸರ ಹಾಗೂ ಅಪರಾಧಿಗಳ ಮೇಲ್ವಿಚಾರಣೆ ನಡೆಸುವ ಅಧಿಕಾರಿಗಳ ಜೊತೆಗೂಡಿ ಅಲ್ಲಿಗೆ ಹೋದಾಗ ಮೊದಲು ಮಾಡಿದ ಕೆಲಸವೆಂದರೆ ಕೇಳುವುದು. ಕಳವಾದ ಮನೆಯವರನ್ನು ಕೇಳಿದರು, ಅವರ ಅಕ್ಕಪಕ್ಕದವರನ್ನು ಕೇಳಿದರು, ಕಳವು ಮಾಡಿ ಸಿಕ್ಕಿಬಿದ್ದವರನ್ನೂ ಕೇಳಿದರು. ಈ ಮೂರನೆಯ ಗುಂಪನ್ನು ಕೂರಿಸಿಕೊಂಡು, ನೀನು ಆ ಮನೆಯನ್ನೇ ಏಕೆ ಆರಿಸಿಕೊಂಡೆ ಎಂದು ಕೇಳುವಷ್ಟು ತಾಳ್ಮೆ ನಮ್ಮಲ್ಲಿ ಎಷ್ಟು ಸಮಿತಿಗಳಿಗಿದೆ ಎಂಬುದನ್ನು ನೀವೇ ಯೋಚಿಸಿ.

ಕೇಳಿದ್ದರಿಂದ ಎರಡು ಸಂಗತಿಗಳು ಹೊರಬಿದ್ದವು. ಆ ಮನೆಗಳಲ್ಲಿ ನಾಣ್ಯ ಹಾಕಿದರೆ ವಿದ್ಯುತ್ ಅಥವಾ ಅನಿಲ ಬಿಡುವ ಮೀಟರುಗಳಿದ್ದವು, ಮತ್ತು ಕಳವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಈ ಮೀಟರಿನ ಹಣವೇ ಹೋಗಿತ್ತು. ಬಡವರ ಮನೆಯ ಗೋಡೆಗೆ ನಾಣ್ಯ ತುಂಬಿದ ಪೆಟ್ಟಿಗೆಯೊಂದನ್ನು ಮೊಳೆ ಹೊಡೆದು ಕೂರಿಸಿ, ಆ ಬಡಾವಣೆಯಲ್ಲಿ ಕಳ್ಳರು ಹೆಚ್ಚು ಎಂದು ದೂರುತ್ತಿದ್ದಂತಾಗಿತ್ತು. ಎರಡನೆಯ ಸಂಗತಿ, ನಾನು ಆಗಲೇ ಹೇಳಿದ್ದು: ಕಳವಾದ ಮನೆಗಳಲ್ಲೇ ಮತ್ತೆ ಮತ್ತೆ ಕಳವಾಗುತ್ತಿತ್ತು. ಹೀಗಾಗಿ ಇಡೀ ಬಡಾವಣೆಗೆ ಕಾವಲು ಹಾಕುವ ಗೋಜಿಗೆ ಅವರು ಹೋಗಲಿಲ್ಲ. ನಾಣ್ಯದ ಮೀಟರುಗಳನ್ನು ಕಿತ್ತು ಬೇರೆ ಬಗೆಯವನ್ನು ಹಾಕಿಸಿದರು, ಕಳವಾದ ಮನೆಗಳ ಬೀಗ ಮತ್ತು ಕಿಟಕಿಗಳನ್ನು ಭದ್ರಪಡಿಸಿದರು, ಮತ್ತು ಪ್ರತಿ ಕಳವಾದ ಮನೆಯ ಸುತ್ತಲಿನ ಆರು ಮನೆಗಳವರ ಬಳಿ ಹೋಗಿ, ಸ್ವಲ್ಪ ದಿನ ಈ ಮನೆಯ ಮೇಲೆ ಒಂದು ಕಣ್ಣಿಡಿ, ಅನುಮಾನ ಬಂದರೆ ತಿಳಿಸಿ ಎಂದು ಕೇಳಿಕೊಂಡರು. ರೇಷ್ಮೆ ಹುಳುವಿನ ಸುತ್ತ ಗೂಡು ಕಟ್ಟಿಕೊಂಡಂತೆ ಎಂಬ ಅರ್ಥದ ಹೆಸರೂ ಈ ಪದ್ಧತಿಗೆ ಬಂತು. ಐದು ತಿಂಗಳೊಳಗೆ ಅಲ್ಲಿನ ಕಳವು ಮೊದಲಿದ್ದುದರ ಶೇ. 40ಕ್ಕೆ ಇಳಿಯಿತು, ಮೂರು ವರ್ಷಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಕಡಿಮೆಯಾಯಿತು.

ಇಲ್ಲಿ ಒಂದು ಪ್ರಶ್ನೆ ನಿಮ್ಮ ಮನಸ್ಸಿಗೆ ಬಂದಿರುತ್ತದೆ, ಏಕೆಂದರೆ ನಾನು ಹೋದಲ್ಲೆಲ್ಲ ಯಾರಾದರೊಬ್ಬರು ಅದನ್ನು ಕೇಳುತ್ತಾರೆ. ನಮ್ಮ ಬೀದಿಯನ್ನು ಭದ್ರ ಮಾಡಿಕೊಂಡರೆ ಕಳ್ಳ ಪಕ್ಕದ ಬೀದಿಗೆ ಹೋಗುತ್ತಾನಲ್ಲವೇ, ಇದು ನಮ್ಮ ಮನೆಯ ಕಸವನ್ನು ಪಕ್ಕದವರ ಅಂಗಳಕ್ಕೆ ಗುಡಿಸಿದಂತಲ್ಲವೇ ಎಂದು. ಈ ಪ್ರಶ್ನೆ ಕೇಳುವವರ ಮನಸ್ಸು ಒಳ್ಳೆಯದು. ಆದರೆ ಅನೇಕ ನಗರಗಳಲ್ಲಿ ನಡೆದ ಅಧ್ಯಯನಗಳು ಹೇಳುವುದೇನೆಂದರೆ, ಹೀಗೆ ಜಾಗ ಬದಲಿಸುವುದು ನಾವು ಅಂಜುವಷ್ಟು ದೊಡ್ಡ ಪ್ರಮಾಣದಲ್ಲಿ ನಡೆಯುವುದಿಲ್ಲ. ಎಷ್ಟೋ ಕಡೆ ಅಕ್ಕಪಕ್ಕದ ಬೀದಿಗಳಿಗೂ ಅದರ ಒಳಿತು ತಟ್ಟಿದೆ. ಕಳವು ಮಾಡುವವನು ಸಾಮಾನ್ಯವಾಗಿ ತನಗೆ ಪರಿಚಯವಿರುವ ಜಾಗದಲ್ಲಿ, ಸುಲಭವಾಗಿ ಸಿಕ್ಕ ಅವಕಾಶಕ್ಕೆ ಕೈಹಾಕುತ್ತಾನೆ. ಆ ಅವಕಾಶ ತಪ್ಪಿದರೆ ಪ್ರತಿ ಸಲವೂ ಹೊಸದೊಂದನ್ನು ಹುಡುಕಿಕೊಂಡು ದೂರ ಹೋಗುವುದಿಲ್ಲ.

ಈಗ ಒಂದು ಮನೆಯ ಬಾಗಿಲ ಬಳಿಗೆ ನಿಮ್ಮನ್ನು ಕರೆದೊಯ್ಯುತ್ತೇನೆ. ಕೆಲವು ವರ್ಷಗಳ ಹಿಂದೆ, ಕಳವಾದ ಮರುದಿನ, ಒಬ್ಬರೇ ವಾಸವಾಗಿದ್ದ ವಯಸ್ಸಾದ ತಾಯಿಯೊಬ್ಬರ ಮನೆಗೆ ನಾನು ಹೋಗಿದ್ದೆ. ಬಾಗಿಲಿಗೆ ಹಾಕಿದ್ದ ಬೀಗ ದುಬಾರಿಯದು, ಗಟ್ಟಿಯಾಗಿಯೇ ಇತ್ತು. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಸೀಳಿದ್ದು ಚೌಕಟ್ಟು. ಬೀಗದ ನಾಲಿಗೆ ಹೋಗಿ ಕೂರುವ ತಗಡಿನ ಪಟ್ಟಿಯನ್ನು ಚೌಕಟ್ಟಿಗೆ ಬಿಗಿದಿದ್ದ ತಿರುಪುಗಳು ಉಗುರಿನಷ್ಟು ಉದ್ದವೂ ಇರಲಿಲ್ಲ. ಒಂದೇ ಒದೆತಕ್ಕೆ ಅವು ಕಿತ್ತುಬಂದು, ಹಳೆಯ ಬಣ್ಣದ ಅಡಿಯಿಂದ ಮರದ ಬಿಳಿಯ ತಿರುಳು ಕಾಣಿಸುತ್ತಿತ್ತು. ಆ ತಾಯಿ ರಾತ್ರಿಯೆಲ್ಲ ಬಾಗಿಲಿಗೆ ಒಂದು ಕುರ್ಚಿಯನ್ನು ಒತ್ತಿಟ್ಟು, ಅದರ ಮೇಲೆ ತಾವೇ ಕುಳಿತು ಬೆಳಗು ಮಾಡಿದ್ದರು. ನಾನಿದ್ದ ಒಂದು ಗಂಟೆಯಲ್ಲಿ ಅಕ್ಕಪಕ್ಕದವರು ನಾಲ್ವರು ಬಂದರು. ಬಂದವರೆಲ್ಲ ಕೇಳಿದ್ದು ಒಂದೇ ಮಾತು: ಎಷ್ಟು ಹೋಯಿತು? ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಏನು ಕೇಳಬೇಕೆಂದು ತಿಳಿಯದೆ ಕೇಳಿದ್ದು. ಐದನೆಯವರು ಬಂದವರು ಚೌಕಟ್ಟನ್ನು ಬೆರಳಿನಿಂದ ಸವರಿ ನೋಡಿ, ಅಮ್ಮಾ, ಇವತ್ತು ರಾತ್ರಿ ಒಬ್ಬರೇ ಹೇಗೆ ಮಲಗುತ್ತೀರಿ ಎಂದರು. ಸಂಜೆಯೊಳಗೆ ಬೆರಳುದ್ದದ ತಿರುಪುಗಳನ್ನೂ ಅಗಲವಾದ ಕಬ್ಬಿಣದ ಪಟ್ಟಿಯೊಂದನ್ನೂ ತಂದು, ತಿರುಪು ಗೋಡೆಯವರೆಗೂ ಇಳಿಯುವಂತೆ ಬಿಗಿದುಕೊಟ್ಟರು. ಅಪರಾಧ ತಡೆಗೆ ಅಂದು ಆ ಬೀದಿಯಲ್ಲಿ ಅದಕ್ಕಿಂತ ದೊಡ್ಡ ಕೆಲಸವನ್ನು ಯಾರೂ ಮಾಡಲಿಲ್ಲ ಎಂದು ನಾನು ಇಂದಿಗೂ ನಂಬಿದ್ದೇನೆ.

ನೆರೆಹೊರೆಯವರು ಈಗ ಯಾರಿಗೂ ಆಗುವುದಿಲ್ಲ, ಕಣ್ಣೆದುರೇ ಕೊಲೆಯಾದರೂ ಕಿಟಕಿ ಮುಚ್ಚಿಕೊಳ್ಳುತ್ತಾರೆ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಈ ಮಾತಿಗೆ ಜಗತ್ತಿನಾದ್ಯಂತ ಬಲ ಕೊಟ್ಟದ್ದು 1964ರ ಮಾರ್ಚ್ 13ರ ನಸುಕಿನಲ್ಲಿ ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ ನಡೆದ ಕಿಟ್ಟಿ ಜಿನೋವೀಸ್ ಎಂಬ ತರುಣಿಯ ಕೊಲೆ. ಮೂವತ್ತೆಂಟು ಮಂದಿ ನೋಡುತ್ತ ನಿಂತರು, ಒಬ್ಬರೂ ಪೊಲೀಸರನ್ನು ಕರೆಯಲಿಲ್ಲ ಎಂಬ ಕಥೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಯಿಂದ ಹುಟ್ಟಿ ಪಠ್ಯಪುಸ್ತಕಗಳಿಗೂ ಸೇರಿತು. ಆ ಕಥೆ ನಿಜವಲ್ಲ. ಬಹುಪಾಲು ಜನ ಕೂಗನ್ನು ಕೇಳಿದ್ದರೇ ಹೊರತು ನಡೆದದ್ದನ್ನು ಕಂಡಿರಲಿಲ್ಲ. ಒಬ್ಬರು ಕಿಟಕಿಯಿಂದ ಗದರಿದಾಗ ದಾಳಿಕೋರ ಒಮ್ಮೆ ಓಡಿಹೋಗಿದ್ದ. ನೆರೆಮನೆಯ ಮಹಿಳೆಯೊಬ್ಬರು ಕೆಳಗೆ ಓಡಿಬಂದು ಸಾಯುತ್ತಿದ್ದ ಆಕೆಯನ್ನು ತೋಳಲ್ಲಿ ಹಿಡಿದುಕೊಂಡಿದ್ದರು. ಆ ಪತ್ರಿಕೆಯೇ 2016ರಲ್ಲಿ ತನ್ನ ಹಳೆಯ ವರದಿ ದೋಷಪೂರಿತವಾಗಿತ್ತೆಂದು ಒಪ್ಪಿಕೊಂಡಿತು. ಅಂದು ಅಮೆರಿಕದಲ್ಲಿ ತುರ್ತು ಕರೆಗೆ ಒಂದೇ ಸಂಖ್ಯೆ ಎಂಬ ವ್ಯವಸ್ಥೆಯೂ ಇರಲಿಲ್ಲ. 911 ಬಂದದ್ದು 1968ರಲ್ಲಿ. ಯಾರಿಗೆ ಕರೆ ಮಾಡಬೇಕು ಎಂಬುದೇ ಸ್ಪಷ್ಟವಿಲ್ಲದ ಕಡೆ ಜನರನ್ನು ಕಲ್ಲುಹೃದಯದವರೆಂದು ಜರೆಯುವುದು ಸುಲಭ.

ಹಾಗೆಂದು ಆ ಘಟನೆಯ ನಂತರ ನಡೆದ ಸಂಶೋಧನೆ ವ್ಯರ್ಥವೆಂದು ನಾನು ಹೇಳುವುದಿಲ್ಲ. ಡಾರ್ಲಿ ಮತ್ತು ಲಟಾನೆ ಎಂಬ ಮನಶ್ಶಾಸ್ತ್ರಜ್ಞರು 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಕ್ಕದ ಕೋಣೆಯಲ್ಲಿರುವವರಿಗೆ ಮೂರ್ಛೆ ಬಂದಂತೆ ಹೆಡ್‌ಫೋನಿನಲ್ಲಿ ಕೇಳಿಸಲಾಯಿತು. ತಾನೊಬ್ಬನೇ ಕೇಳುತ್ತಿದ್ದೇನೆ ಎಂದು ತಿಳಿದಿದ್ದವರಲ್ಲಿ ಶೇ. 85ರಷ್ಟು ಮಂದಿ ಆ ಧ್ವನಿ ನಿಲ್ಲುವುದರೊಳಗೆ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದು ಭಾವಿಸಿದ್ದವರಲ್ಲಿ ಎದ್ದವರು ಶೇ. 31 ಮಾತ್ರ. ಎಲ್ಲರ ಕೆಲಸ ಯಾರ ಕೆಲಸವೂ ಆಗುವುದಿಲ್ಲ ಎಂಬ ನಮ್ಮ ಅನುಭವಕ್ಕೆ ಇದು ಸಾಕ್ಷಿ. ಆದರೆ ಇದರ ಜೊತೆಗೆ ಇನ್ನೊಂದನ್ನೂ ಇಟ್ಟು ನೋಡಬೇಕು. ಆಮ್‌ಸ್ಟರ್‌ಡ್ಯಾಮ್, ಕೇಪ್‌ಟೌನ್ ಮತ್ತು ಲ್ಯಾಂಕಾಸ್ಟರ್ ನಗರಗಳ ಬೀದಿಗಳಲ್ಲಿ ಸಿಸಿಟಿವಿ ಕ್ಯಾಮೆರಾಗಳು ಸೆರೆಹಿಡಿದ 219 ಜಗಳಗಳನ್ನು ಸಂಶೋಧಕರು ನೋಡಿದಾಗ, ಹತ್ತರಲ್ಲಿ ಒಂಬತ್ತು ಸಲ ದಾರಿಹೋಕರಲ್ಲಿ ಒಬ್ಬರಾದರೂ ನಡುವೆ ಬಂದು ತಡೆಯಲು ಯತ್ನಿಸಿದ್ದರು. ಜನ ಹೆಚ್ಚಿದ್ದಷ್ಟೂ ಯಾರಾದರೊಬ್ಬರು ಮುಂದೆ ಬರುವ ಸಂಭವ ಹೆಚ್ಚಾಗಿತ್ತು. ಅಂದರೆ ಜನರಲ್ಲಿ ಕರುಣೆ ಬತ್ತಿಲ್ಲ. ಇದು ಯಾರ ಪಾಲಿನ ಕೆಲಸ ಎಂಬುದು ಗೊತ್ತಾಗಬೇಕಷ್ಟೆ. ಕರ್ಕ್‌ಹೋಲ್ಟ್‌ನಲ್ಲಿ ಇಡೀ ಬಡಾವಣೆಗೆ ಕರೆ ಕೊಡದೆ ಆರು ಮನೆಗಳವರನ್ನು ಕೇಳಿಕೊಂಡದ್ದರ ಬಲ ಇರುವುದು ಇಲ್ಲೇ. ಕೇಳಿಸಿಕೊಂಡ ಪ್ರತಿಯೊಬ್ಬರಿಗೂ ತಮ್ಮನ್ನೇ ಕೇಳಿದರು ಎಂಬುದು ಗೊತ್ತಿತ್ತು.

ಅಮೆರಿಕದ ಷಿಕಾಗೋ ನಗರದಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು 343 ನೆರೆಹೊರೆಗಳ 8,782 ನಿವಾಸಿಗಳನ್ನು ಮಾತನಾಡಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಅವರು ಕೇಳಿದ ಪ್ರಶ್ನೆಗಳು ಬಹಳ ಸಾಮಾನ್ಯವಾದವು. ಮಕ್ಕಳು ಶಾಲೆ ತಪ್ಪಿಸಿ ಬೀದಿಯ ಮೂಲೆಯಲ್ಲಿ ನಿಂತಿದ್ದರೆ ನಿಮ್ಮ ನೆರೆಯವರು ಏನಾದರೂ ಮಾಡುತ್ತಾರೆಯೇ? ಹುಡುಗನೊಬ್ಬ ಹಿರಿಯರಿಗೆ ಅಗೌರವ ತೋರಿದರೆ ತಿದ್ದುತ್ತಾರೆಯೇ? ಮನೆಯ ಮುಂದೆ ಹೊಡೆದಾಟವಾದರೆ ಬಿಡಿಸುತ್ತಾರೆಯೇ? ಹತ್ತಿರದ ಅಗ್ನಿಶಾಮಕ ಠಾಣೆಯನ್ನು ಮುಚ್ಚಲು ಹೊರಟರೆ ಒಟ್ಟಾಗಿ ನಿಲ್ಲುತ್ತಾರೆಯೇ? ಇವರನ್ನು ನಂಬಬಹುದೇ? ಹೌದು ಎಂಬ ಉತ್ತರ ಹೆಚ್ಚಾಗಿ ಬಂದ ಕಡೆ ಹಿಂಸೆ ಕಡಿಮೆಯಿತ್ತು. ಬಡತನ, ಜನರು ಮನೆ ಬದಲಿಸುವ ಪ್ರಮಾಣ ಮೊದಲಾದವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಕಡಿಮೆಯಿತ್ತು. ನೀವು ಗಮನಿಸಬೇಕಾದ ಸಂಗತಿ ಇದು: ಆ ಪ್ರಶ್ನೆಗಳಲ್ಲಿ ಕಳ್ಳನ ಹೆಸರಿಲ್ಲ, ಕೊಲೆಗಾರನ ಹೆಸರಿಲ್ಲ. ಬೇರೆಯವರ ಮಗುವನ್ನು ಹೆಸರು ಹಿಡಿದು ಕರೆದು, ಯಾಕಪ್ಪಾ ಇವತ್ತು ಶಾಲೆಗೆ ಹೋಗಲಿಲ್ಲವೇ ಎಂದು ಕೇಳುವ ಸಲುಗೆ, ಮತ್ತು ಹಾಗೆ ಕೇಳಿದ್ದಕ್ಕೆ ಆ ಮಗುವಿನ ತಂದೆತಾಯಿ ಜಗಳಕ್ಕೆ ಬರುವುದಿಲ್ಲ ಎಂಬ ಭರವಸೆ, ಇವೆರಡೂ ಇರುವ ಬೀದಿಯಲ್ಲಿ ದೊಡ್ಡ ಅಪರಾಧಕ್ಕೆ ನೆಲೆ ಸಿಗುವುದು ಕಷ್ಟ.

ಜನರಷ್ಟೇ ಮುಖ್ಯ ಜಾಗ. ಒಡೆದ ಕಿಟಕಿಯೊಂದನ್ನು ಸರಿಪಡಿಸದೆ ಬಿಟ್ಟರೆ ಉಳಿದ ಕಿಟಕಿಗಳೂ ಒಡೆಯುತ್ತವೆ ಎಂದು ಅಮೆರಿಕದ ವಿದ್ವಾಂಸರಾದ ವಿಲ್ಸನ್ ಮತ್ತು ಕೆಲ್ಲಿಂಗ್ 1982ರಲ್ಲಿ ವಾದಿಸಿದರು. ಆ ವಾದವನ್ನು ಹಿಡಿದು ಕೆಲವು ನಗರಗಳು ಚಿಕ್ಕಪುಟ್ಟ ತಪ್ಪಿಗೂ ಜನರನ್ನು, ಅದರಲ್ಲೂ ಬಡವರನ್ನು, ಸಾಲುಸಾಲಾಗಿ ಬಂಧಿಸುವ ಹಾದಿ ಹಿಡಿದವು. ಕಿಟಕಿಗೆ ಗಾಜು ಹಾಕಿಸುವುದು ಬಿಟ್ಟು ಕಿಟಕಿಯ ಬಳಿ ನಿಂತವನನ್ನು ಹಿಡಿದಂತಾಯಿತು. ಇದಕ್ಕೆ ಬದಲಾಗಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ನಡೆದದ್ದನ್ನು ನೋಡಿ. ಅಲ್ಲಿ ಪಾಳುಬಿದ್ದ 541 ಖಾಲಿ ನಿವೇಶನಗಳನ್ನು ಆರಿಸಿ, ಚೀಟಿ ಎತ್ತಿದಂತೆ ವಿಂಗಡಿಸಿ, ಕೆಲವನ್ನು ಶುಚಿಗೊಳಿಸಿದರು, ಕೆಲವನ್ನು ಹೋಲಿಕೆಗಾಗಿ ಹಾಗೆಯೇ ಬಿಟ್ಟರು. ಮಾಡಿದ ಕೆಲಸ ಬಹಳ ಸರಳ: ಕಸ ತೆಗೆದರು, ನೆಲ ಸಮ ಮಾಡಿ ಹುಲ್ಲು ಬೆಳೆಸಿದರು, ಕೆಲವು ಗಿಡ ನೆಟ್ಟರು, ಮರದ ತಗ್ಗಾದ ಬೇಲಿಯೊಂದನ್ನು ಹಾಕಿದರು. ಬೇಲಿಗೆ ಬಾಗಿಲಿರಲಿಲ್ಲ; ಜನ ನಡೆದು ಒಳಗೆ ಹೋಗುವಷ್ಟು ತೆರಪು ಬಿಟ್ಟಿದ್ದರು. ಇಲ್ಲಿ ಕಸ ಸುರಿಯಬೇಡಿ, ಆದರೆ ಬಂದು ಕುಳಿತುಕೊಳ್ಳಿ ಎಂದು ಆ ಬೇಲಿಯೇ ಹೇಳುವಂತಿತ್ತು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬಡತನ ರೇಖೆಗಿಂತ ಕೆಳಗಿದ್ದ ನೆರೆಹೊರೆಗಳಲ್ಲಿ ಬಂದೂಕಿನ ಹಿಂಸೆ ಶೇ. 29ರಷ್ಟು ಇಳಿದಿತ್ತು. ಪಾಳು ನಿವೇಶನ ಬಂದೂಕು ಬಚ್ಚಿಡುವ ಜಾಗವೂ ಹೌದು. ಹುಲ್ಲು ಕತ್ತರಿಸಿದ ನೆಲದಲ್ಲಿ ಏನನ್ನೂ ಬಚ್ಚಿಡಲಾಗದು.

ಬೀದಿದೀಪಗಳ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಒಳ್ಳೆಯ ಬೆಳಕು ಬಂದ ಕಡೆ ಅಪರಾಧ ಕಡಿಮೆಯಾಗಿದೆ ಎಂದು ಅಪರಾಧಶಾಸ್ತ್ರಜ್ಞರಾದ ಬ್ರ್ಯಾಂಡನ್ ವೆಲ್ಷ್ ಮತ್ತು ಡೇವಿಡ್ ಫ್ಯಾರಿಂಗ್‌ಟನ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದ್ದಾರೆ. ಅಚ್ಚರಿಯೆಂದರೆ ಹಗಲಿನ ಅಪರಾಧವೂ ಕಡಿಮೆಯಾಗಿತ್ತು. ತಮ್ಮ ಬೀದಿಯನ್ನು ಯಾರೋ ಲೆಕ್ಕಕ್ಕಿಟ್ಟಿದ್ದಾರೆ ಎಂದು ಅನ್ನಿಸಿದಾಗ ಜನ ಹಗಲಲ್ಲೂ ಹೊರಗೆ ಬರುತ್ತಾರೆ ಎಂದೇ ಇದನ್ನು ಅರ್ಥಮಾಡಿಕೊಳ್ಳಬೇಕು. ಸಿಸಿಟಿವಿ ಕ್ಯಾಮೆರಾಗಳ ವಿಷಯದಲ್ಲಿ ಈ ಇಬ್ಬರು ಸಂಶೋಧಕರಿಗೆ ಅತ್ಯುತ್ತಮ ಫಲ ಕಂಡದ್ದು ವಾಹನ ನಿಲುಗಡೆಯ ತಾಣಗಳಲ್ಲಿ. ಕುಡಿದು ಕೈಮಾಡುವವನಿಗೆ, ಕೋಪದಲ್ಲಿ ಮೈಮರೆತವನಿಗೆ ಕ್ಯಾಮೆರಾ ಕಾಣಿಸುವುದಿಲ್ಲ.

ಈಗ ಹೇಳಲೇಬೇಕಾದ ಕಹಿ ಮಾತಿಗೆ ಬರುತ್ತೇನೆ. ಅಮೆರಿಕದ ರಾಷ್ಟ್ರೀಯ ಶೆರಿಫರ, ಅಂದರೆ ಸ್ಥಳೀಯ ಪೊಲೀಸ್ ಮುಖ್ಯಸ್ಥರ, ಸಂಘ 1972ರಲ್ಲಿ ನಿವಾಸಿಗಳೇ ತಮ್ಮ ಬೀದಿಯ ಮೇಲೆ ಕಣ್ಣಿಡುವ ನೆರೆಹೊರೆಯ ಕಾವಲು ಪಡೆಗಳ ಯೋಜನೆಯನ್ನು ಆರಂಭಿಸಿತು. 1982ರಲ್ಲಿ ಇಂಗ್ಲೆಂಡಿನ ಮೊಲಿಂಗ್‌ಟನ್ ಹಳ್ಳಿಯೂ ಅದೇ ದಾರಿ ಹಿಡಿಯಿತು. ಒಟ್ಟಾರೆ ನೋಡಿದರೆ ಇಂಥ ಪಡೆಗಳಿರುವ ಕಡೆ ಅಪರಾಧ ಒಂದಷ್ಟು ಕಡಿಮೆಯಾಗಿದೆ ಎಂದು ಅಧ್ಯಯನಗಳ ಪರಿಶೀಲನೆ ಹೇಳುತ್ತದೆ. ಆದರೆ 2012ರ ಫೆಬ್ರವರಿ 26ರ ರಾತ್ರಿ ಫ್ಲಾರಿಡಾದ ಸ್ಯಾನ್‌ಫರ್ಡ್‌ನಲ್ಲಿ, ಅಂಗಡಿಗೆ ಹೋಗಿ ಮರಳುತ್ತಿದ್ದ ಟ್ರೇವಾನ್ ಮಾರ್ಟಿನ್ ಎಂಬ 17 ವರ್ಷದ ನಿರಾಯುಧ ಕಪ್ಪು ಹುಡುಗನನ್ನು ಅನುಮಾನಿಸಿ ಹಿಂಬಾಲಿಸಿದವನು, ನಂತರ ಗುಂಡಿಟ್ಟು ಕೊಂದವನು, ಅಂಥದೊಂದು ಪಡೆಯ ಸ್ವಯಂಸೇವಕ. ಹಿಂಬಾಲಿಸುವ ಅಗತ್ಯವಿಲ್ಲ ಎಂದು ಪೊಲೀಸ್ ದೂರವಾಣಿಯಲ್ಲಿದ್ದವರು ಅವನಿಗೆ ಹೇಳಿದ್ದರು. ನ್ಯಾಯಾಲಯ ಮರುವರ್ಷ ಅವನನ್ನು ಖುಲಾಸೆಗೊಳಿಸಿತು. ಹುಡುಗ ಮರಳಿ ಬರಲಿಲ್ಲ. 2018ರ ಜುಲೈ 1ರಂದು ಮಹಾರಾಷ್ಟ್ರದ ಧುಲೆ ಜಿಲ್ಲೆಯ ರೈನ್‌ಪಾಡಾ ಗ್ರಾಮದಲ್ಲಿ, ಭಿಕ್ಷೆ ಬೇಡಿ ಬದುಕುತ್ತಿದ್ದ ಅಲೆಮಾರಿ ಸಮುದಾಯದ ಐವರನ್ನು ಮಕ್ಕಳ ಕಳ್ಳರೆಂದು ಜನರ ಗುಂಪು ಹೊಡೆದು ಕೊಂದಿತು. ಅದಕ್ಕೆ ಮುನ್ನ ಮೊಬೈಲ್ ಫೋನುಗಳಲ್ಲಿ ಗಾಳಿಮಾತು ಹರಿದಾಡಿತ್ತು. ಆ ಗುಂಪಿನಲ್ಲಿದ್ದವರಲ್ಲಿ ಅನೇಕರು ತಾವು ಊರನ್ನು ಕಾಯುತ್ತಿದ್ದೇವೆ ಎಂದೇ ನಂಬಿದ್ದಿರಬೇಕು. ಈ ಮಾತನ್ನು ಹೇಳುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಹಾಗಾದರೆ ಕಣ್ಣಿಡುವುದು ಬೇಡವೇ? ಬೇಕು, ಆದರೆ ಕಣ್ಣು ಏನನ್ನು ನೋಡಬೇಕು ಎಂಬುದನ್ನು ಕಲಿಯಬೇಕು. ಒಬ್ಬನ ವೇಷ, ಬಣ್ಣ, ಭಾಷೆ, ಅವನು ಯಾರ ಪೈಕಿ ಎಂಬುದು ಅಪರಾಧದ ಸುಳಿವಲ್ಲ. ಅವನು ಮಾಡುತ್ತಿರುವ ಕೆಲಸ ಸುಳಿವಾಗಬಹುದು. ಹೊಸಬನೊಬ್ಬ ಓಡಾಡುತ್ತಿದ್ದಾನೆ, ಎಚ್ಚರ ಎಂಬ ಸಂದೇಶದಿಂದ ಯಾರಿಗೂ ಉಪಯೋಗವಿಲ್ಲ, ಅಪಾಯ ಮಾತ್ರ ಉಂಟು. ಇಂಥ ಮನೆಯ ಹಿಂಬದಿಯ ಕಿಟಕಿಯನ್ನು ಒಬ್ಬರು ಕಬ್ಬಿಣದ ಸಲಾಕೆಯಿಂದ ಮೀಟುತ್ತಿದ್ದಾರೆ ಎಂದು ಪೊಲೀಸರಿಗೆ ಹೇಳಿದರೆ ಅದು ಮಾಹಿತಿ. ಇಂಥ ಸಂದೇಶಗಳಿಗಾಗಿ ನೀವು ಗುಂಪು ಮಾಡಿಕೊಂಡಿದ್ದರೆ, ಭಾವಚಿತ್ರ ಹಾಕುವುದಕ್ಕೂ ಗಾಳಿಮಾತು ಹಂಚುವುದಕ್ಕೂ ಇಲ್ಲಿ ಎಡೆಯಿಲ್ಲ ಎಂಬ ನಿಯಮವನ್ನು ಮೊದಲ ದಿನವೇ ಮಾಡಿ. ಅದನ್ನು ಮುರಿದವರನ್ನು ಸ್ನೇಹಿತರೆಂದು ಸುಮ್ಮನೆ ಬಿಡಬೇಡಿ. ಯಾರನ್ನೂ ಬೆನ್ನಟ್ಟಬೇಡಿ, ಹಿಡಿದು ಕಟ್ಟಬೇಡಿ.

ಇನ್ನೊಂದು ಬಗೆಯ ಅಪರಾಧದ ಬಗ್ಗೆ ಕಾವಲು ಪಡೆಗಳು ಮಾತೇ ಎತ್ತುವುದಿಲ್ಲ. ಗೋಡೆಯಾಚೆ ಗಂಡ ಹೆಂಡತಿಯನ್ನು ಹೊಡೆಯುವ ಸದ್ದು, ಮಗು ಚೀರುವ ಸದ್ದು ಗಸ್ತು ತಿರುಗುವವರಿಗೂ ಕೇಳಿಸಿರುತ್ತದೆ. ಹೊರಗಿನವನಿಗೆ ಅಂಜುವ ನಾವು ಇದನ್ನು ಅವರ ಮನೆಯ ವಿಷಯ ಎನ್ನುತ್ತೇವೆ. ಒಮ್ಮೆ ಪೆಟ್ಟು ತಿಂದವರೇ ಮತ್ತೆ ಮತ್ತೆ ಪೆಟ್ಟು ತಿನ್ನುವುದು ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇಲ್ಲಿಯೇ. ಏನೋ ನೆಪ ಹೇಳಿ ಬಾಗಿಲು ತಟ್ಟುವುದು, ಆಕೆ ಒಬ್ಬಳೇ ಇದ್ದಾಗ, ಯಾವ ಹೊತ್ತಿನಲ್ಲಾದರೂ ನಮ್ಮ ಮನೆಗೆ ಬಾಮ್ಮಾ ಎಂದು ಹೇಳಿಡುವುದು, ಪ್ರಾಣಕ್ಕೆ ಅಪಾಯ ಕಂಡರೆ ಪೊಲೀಸರಿಗೆ ಕರೆ ಮಾಡುವುದು ನೆರೆಯವರು ಮಾಡಬಹುದಾದ ಕೆಲಸ. ಬುದ್ಧಿ ಹೇಳುತ್ತೇನೆಂದು ಗಂಡನ ಬಳಿ ಹೋಗಿ ಆಕೆ ಹೇಳಿದ್ದನ್ನು ಎತ್ತಿ ಆಡಬೇಡಿ. ಅದರ ಪೆಟ್ಟು ಅಂದು ರಾತ್ರಿ ಆಕೆಗೇ ಬೀಳುತ್ತದೆ.

ತಪ್ಪು ಮಾಡಿದವರ ಕಡೆಗೂ ಒಂದು ಮಾತು. ಕರ್ಕ್‌ಹೋಲ್ಟ್‌ನಲ್ಲಿ ಕಳವು ಮಾಡಿದವರಲ್ಲಿ ಹೆಚ್ಚಿನವರು ಹತ್ತಿರದಲ್ಲೇ ವಾಸವಿದ್ದವರು. ಹೀಗಾಗಿ ಎರಡನೆಯ ಹಂತದಲ್ಲಿ ಅವರ ಸಾಲ, ಕುಡಿತ, ನಿರುದ್ಯೋಗಗಳ ಕಡೆಗೂ ಗಮನ ಹರಿಯಿತು. ನಿವಾಸಿಗಳಿಗಾಗಿ ಉಳಿತಾಯ ಮತ್ತು ಸಾಲದ ಸಹಕಾರಿ ವ್ಯವಸ್ಥೆಯೊಂದೂ ಬಂತು. ಕ್ಷಯ ಮತ್ತು ಕಾಲರಾ ತಡೆಯುವ ಕೆಲಸದಲ್ಲಿ ವರ್ಷಗಟ್ಟಲೆ ದುಡಿದಿದ್ದ ವೈದ್ಯ ಗ್ಯಾರಿ ಸ್ಲಟ್ಕಿನ್ 2000ದಲ್ಲಿ ಷಿಕಾಗೋದಲ್ಲಿ ಆರಂಭಿಸಿದ ಕಾರ್ಯಕ್ರಮ, ಹಿಂದೆ ಅದೇ ಬೀದಿಗಳಲ್ಲಿ ಹೊಡೆದಾಡಿ ಈಗ ಬದಲಾಗಿರುವವರನ್ನೇ ಜಗಳ ಬಿಡಿಸಲು ಕಳುಹಿಸಿತು. ಎಲ್ಲ ನಗರಗಳಲ್ಲೂ ಅದು ಒಂದೇ ಬಗೆಯ ಫಲ ಕೊಟ್ಟಿಲ್ಲ. ಸಮಾಜಶಾಸ್ತ್ರಜ್ಞ ಪ್ಯಾಟ್ರಿಕ್ ಶಾರ್ಕಿ ಮತ್ತು ಸಂಗಡಿಗರು ಅಮೆರಿಕದ 264 ನಗರಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕ ನನಗೆ ಇನ್ನಷ್ಟು ಧೈರ್ಯ ಕೊಡುತ್ತದೆ: ಲಕ್ಷ ಜನಸಂಖ್ಯೆಗೆ ಇಂಥ ಹತ್ತು ಸ್ಥಳೀಯ ಸೇವಾಸಂಸ್ಥೆಗಳು ಹೆಚ್ಚಾದ ಕಡೆ ಕೊಲೆಯ ಪ್ರಮಾಣ ಶೇ. 9ರಷ್ಟು ಇಳಿದಿತ್ತು. ಮಕ್ಕಳಿಗೆ ಸಂಜೆ ಪಾಠ ಹೇಳುವವರು, ಆಟದ ಮೈದಾನ ನೋಡಿಕೊಳ್ಳುವವರು, ವ್ಯಸನ ಬಿಡಿಸುವವರು ನಡೆಸುವ ಸಣ್ಣ ಸಣ್ಣ ಸಂಸ್ಥೆಗಳಿಂದ ಬಂದ ಲೆಕ್ಕ ಇದು.

ನಿಮ್ಮ ಬೀದಿಯಲ್ಲಿ ಮುಂದಿನ ಕಳವು ಯಾವಾಗ ಆಗುತ್ತದೆಂದು ಯಾರೂ ಹೇಳಲಾರರು, ಆದರೆ ಅದಾದ ಮರುದಿನ ಆ ಮನೆಗೆ ಯಾರು ಹೋಗಬೇಕು, ಚೌಕಟ್ಟು ಸರಿಪಡಿಸಲು ಯಾರ ಬಳಿ ಸಲಕರಣೆಯಿದೆ, ದೂರು ಕೊಡಲು ಜೊತೆಗೆ ಯಾರು ನಡೆಯುತ್ತಾರೆ, ಸುತ್ತಲಿನ ಆರು ಮನೆಗಳು ಯಾವುವು ಎಂಬುದನ್ನು ಇಂದೇ ಕುಳಿತು ಗೊತ್ತುಮಾಡಬಹುದು. ನಾನು ಹೇಳಿದ ಆ ತಾಯಿಯನ್ನು ಒಂದು ತಿಂಗಳ ನಂತರ ಮತ್ತೆ ನೋಡಲು ಹೋದಾಗ, ಕುರ್ಚಿ ಬಾಗಿಲಿನಿಂದ ಸರಿದು ಕಿಟಕಿಯ ಬಳಿ ಬಂದಿತ್ತು. ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದ್ದರು. ಅದರಲ್ಲಿ ದಪ್ಪ ಅಕ್ಷರಗಳಲ್ಲಿ ಆರು ಹೆಸರು, ಆರು ದೂರವಾಣಿ ಸಂಖ್ಯೆ. ಎದುರುಮನೆಯಲ್ಲಿ ಮಗುವಿಗೆ ಜ್ವರವಿದೆ, ಅವರಿಗೆ ಸ್ವಲ್ಪ ಆಸರೆಯಾಗಿ ಬರುತ್ತೇನೆ, ನೀವು ಕುಳಿತಿರಿ ಎಂದು ಹೇಳಿ ಅವರು ಚಪ್ಪಲಿ ಮೆಟ್ಟಿ ಹೊರಟರು.